ರೇಣುಕಾ ಉತ್ತರಿಸದೆ ಬಿಟ್ಟ ಕಾಮೆಂಟ್

"ಇಂಥ ಕೋಡ್ ಯಾರಾದರೂ ಬರೀತಾರಾ?"

ಹೋದ ಸೋಮವಾರ ನಮ್ಮ ಟೀಮಿನ ರೇಣುಕಾಳ ಕೋಡ್ ಕೆಳಗೆ ನಾನು ಇಂಗ್ಲಿಷಿನಲ್ಲಿ ಹಾಕಿದ ಕಾಮೆಂಟ್ ಇದು. ಇಂಥವೇ ಇನ್ನೂ ಹತ್ತು ಹನ್ನೆರಡು ಇದ್ದವು.

ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಮುಂದೆ ಹೋಗುವುದು. ಅದಕ್ಕೆ ರಿವ್ಯೂ ಅನ್ನುತ್ತೇವೆ. ಅಲ್ಲಿ ಏನು ಬರೆದರೂ ಇಡೀ ಟೀಮಿಗೆ ಕಾಣಿಸುತ್ತದೆ.

ರೇಣುಕಾ ವಿಜಯಪುರದವಳು, ಹೈದರಾಬಾದಿಗೆ ಬಂದು ಐದು ತಿಂಗಳು. ಇಡೀ ಫ್ಲೋರಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಲಿಂಗಂಪಲ್ಲಿಯ ರೂಮಿನಿಂದ ಬರುವಾಗ ಡಬ್ಬಿಯಲ್ಲಿ ನನಗೂ ಒಂದು ರೊಟ್ಟಿ ತರುತ್ತಾಳೆ.

ಆ ರೊಟ್ಟಿ ತಿಂದು ಕೈ ತೊಳೆದು ಬಂದು ಹಾಗೆ ಬರೆದಿದ್ದೆ ನಾನು...

ಬರೆಯುವಾಗ ಏನೂ ಅನಿಸಲಿಲ್ಲ. ನನ್ನ ಸೀನಿಯರ್‌ಗಳು ನನಗೂ ಹೀಗೇ ಬರೆದಿದ್ದರು. ನಾನು ಗಟ್ಟಿಯಾದೆನಲ್ಲ, ಇವಳೂ ಆಗಲಿ ಅನ್ನುವ ಧಿಮಾಕು.

ಗುರುವಾರ ಮ್ಯಾನೇಜರ್ ಕರೆದರು. ರೇಣುಕಾ ಬೇರೆ ಟೀಮಿಗೆ ಹೋಗುತ್ತೇನೆ ಅಂದಿದ್ದಾಳಂತೆ. "ನಿಮ್ಮ ಕಾಮೆಂಟ್ ನೋಡಿದರೆ ಅವಳಿಗೆ ಕೆಲಸ ಬರೋಲ್ಲ ಅನ್ನಿಸ್ತಿದೆ. ಬರೋ ತಿಂಗಳು ಪ್ರೊಬೇಷನ್ ಮುಗಿಯುತ್ತೆ. ಕನ್ಫರ್ಮ್ ಮಾಡೋದಾ ಬೇಡವಾ, ನೀವೇ ಹೇಳಿ" ಅಂತ ತೆಲುಗಿನಲ್ಲಿ ಕೇಳಿದರು.

ಆ ಹುಡುಗಿಯ ಕೆಲಸ ಹೋಗಲಿ ಅಂತ ನಾನೆಲ್ಲಿ ಬರೆದಿದ್ದೆ?

ಸೀಟಿಗೆ ಬಂದು ಅವಳ ಕೋಡನ್ನು ಮತ್ತೆ ತೆರೆದೆ. ನಾನು ಅತಿ ಹೆಚ್ಚು ಬೈದಿದ್ದ ಭಾಗವನ್ನು ಅವಳು ನಮ್ಮದೇ ಹಳೆಯ ಫೈಲೊಂದನ್ನು ನೋಡಿ ಬರೆದಿದ್ದಳು. ಹೊಸಬರೆಲ್ಲ ಕಲಿಯುವುದೇ ಹಾಗೆ.

ಆ ಫೈಲ್ ಯಾರದಪ್ಪಾ ಅಂತ ಹಿಸ್ಟರಿ ತೆಗೆದರೆ... ನನ್ನ ಹೆಸರು. ನಾಲ್ಕು ವರ್ಷದ ಹಿಂದೆ ನಾನೇ ಬರೆದದ್ದು.

ರೇಣುಕಾಳನ್ನು ಕ್ಯಾಂಟೀನಿಗೆ ಕರೆದೊಯ್ದೆ. ಅದು ನನ್ನ ಕೋಡ್ ಅಂತ ಗೊತ್ತಿತ್ತಾ ಅಂದೆ.

"ಗೊತ್ತಿತ್ರಿ ಅಕ್ಕಾರ. ಸೋಮವಾರನ ನೋಡಿದ್ದೆ."

ಮತ್ತೆ ಅದನ್ನು ರಿವ್ಯೂನಲ್ಲೇ ಬರೆಯಬಾರದಿತ್ತಾ ಅಂದರೆ, ಚಹಾದ ಕಪ್ಪು ನೋಡುತ್ತಾ ಹೇಳಿದಳು. "ಅಲ್ಲಿ ಎಲ್ಲಾರೂ ಓದತಾರಲ್ರಿ. ನಿಮಗ ಭಾಳ ಕೆಟ್ಟ ಅನಸ್ತದ ಅಂತ ಬಿಟ್ಟೆ."

ಅವಳ ಬಗ್ಗೆ ಬರೆಯುವಾಗ ಈ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ.

ವಾಪಸ್ ಬಂದು ಅದೇ ಪುಟದಲ್ಲಿ, ಎಲ್ಲರಿಗೂ ಕಾಣುವಂತೆ ಬರೆದೆ. ಇದು ನನ್ನ ಹಳೆಯ ಕೋಡ್, ತಪ್ಪು ನನ್ನದು, ಕ್ಷಮಿಸು ರೇಣುಕಾ.

ಆಮೇಲೆ ಒಂದೊಂದೇ ಕಾಮೆಂಟನ್ನು ತಿದ್ದುತ್ತಾ ಕೂತೆ. ಇಲ್ಲಿ ಏನು ತೊಂದರೆ, ಯಾಕೆ, ಹೀಗೆ ಮಾಡಿದರೆ ಹೇಗೆ... ಕೋಡ್ ಸರಿಯಾಗಿ ಓಡುತ್ತದಾ ಅಂತ ಪರೀಕ್ಷಿಸಲು ಅವಳು ಬರೆದಿದ್ದ ಟೆಸ್ಟ್‌ಗಳು ನಿಜಕ್ಕೂ ಚೆನ್ನಾಗಿದ್ದವು, ಅದನ್ನೂ ಬರೆದೆ. ಮೊದಲ ಸಲ ತಪ್ಪು ಹುಡುಕುವ ಭರದಲ್ಲಿ ಅವನ್ನು ಓದೇ ಇರಲಿಲ್ಲ.

ಆ ಪುಟವನ್ನು ಮ್ಯಾನೇಜರ್‌ಗೂ ತೋರಿಸಿದೆ. ಕನ್ಫರ್ಮ್ ಮಾಡುತ್ತೇನೆ ಅಂದರು.

ಬೇರೆ ಟೀಮಿನ ಅರ್ಜಿಯನ್ನು ರೇಣುಕಾ ಇನ್ನೂ ವಾಪಸ್ ತೆಗೆದುಕೊಂಡಿಲ್ಲ. ಕೇಳುವ ಮುಖ ನನಗಿಲ್ಲ. ಆದರೆ ಇವತ್ತು ಅವಳು ಡಬ್ಬಿ ತೆರೆದಾಗ ನನ್ನ ಪಾಲಿನ ರೊಟ್ಟಿ ಇತ್ತು.

ನಿಮ್ಮ ತಪ್ಪು ಗೊತ್ತಿದ್ದೂ ನಾಲ್ಕು ಜನರ ಮುಂದೆ ಹೇಳದೆ ಬಿಟ್ಟವರು ನಿಮಗೂ ಸಿಕ್ಕಿದ್ದಾರಾ?