ಕರುವಿಲ್ಲದ ಕೊಟ್ಟಿಗೆಯ ಗಿಣ್ಣು

2004ರಲ್ಲಿ ನಾನು ಕೊಪ್ಪ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಹಿರೇಕೊಡಿಗೆಯಿಂದ ಮಂಜಪ್ಪ ಫೋನ್ ಮಾಡಿದ. ಪಕ್ಕದ ಮನೆಯ ಸೀತಮ್ಮನ ಎಮ್ಮೆಗೆ ಹಿಂದಿನ ದಿನದಿಂದ ಹೆರಿಗೆ ನೋವು, ಕರು ಬರುತ್ತಿಲ್ಲ ಎಂದ. ಗಂಡ ತೀರಿಕೊಂಡ ಮೇಲೆ ಆ ಎಮ್ಮೆಯ ಹಾಲಿನಿಂದಲೇ ಸೀತಮ್ಮನ ಮನೆ ನಡೆಯುತ್ತಿತ್ತು. "ನಿನ್ನೆಯಿಂದ ಕತ್ತೆ ಕಾಯ್ತಿದ್ರೇನ್ರಿ?" ಎಂದು ರೇಗಿ, ತಟ್ಟೆ ಬಿಟ್ಟು ಎದ್ದೆ. ನನ್ನ ಬಾಯಿ ಜೋರು ಎಂಬುದು ಇಡೀ ತಾಲ್ಲೂಕಿಗೆ ಗೊತ್ತಿತ್ತು.

ಸೀತಮ್ಮನ ಕೊಟ್ಟಿಗೆ ತಲುಪಿದವನೇ ಎಮ್ಮೆಯ ಗರ್ಭದೊಳಗೆ ಭುಜದವರೆಗೂ ಕೈ ಹಾಕಿ ನೋಡಿದೆ. ಕತ್ತು ಹಿಂದಕ್ಕೆ ತಿರುಗಿ ಸಿಕ್ಕಿಕೊಂಡು ಕರು ಒಳಗೇ ಸತ್ತಿತ್ತು. ಉಳಿದಿದ್ದ ದಾರಿ ಫೀಟಾಟಮಿ ಒಂದೇ. ಅಂದರೆ, ಸತ್ತ ಕರುವನ್ನು ಗರ್ಭದೊಳಗೇ ತಂತಿಯ ಗರಗಸದಿಂದ ಕತ್ತರಿಸಿ ತುಂಡು ತುಂಡಾಗಿ ತೆಗೆಯುವುದು. ತಂತಿ ಜಾರಿದರೆ ಗರ್ಭಕೋಶ ಹರಿದು ತಾಯಿಯೂ ಹೋಗುತ್ತದೆ.

ನಾನು ಒಳಗೆ ಕೈಯಿಟ್ಟು ತಂತಿ ಕಾಯ್ದೆ, ಮಂಜಪ್ಪ ಹೊರಗಿನಿಂದ ಎಳೆದ, ಸೀತಮ್ಮ ಮೂಗುದಾರದ ಹಗ್ಗ ಹಿಡಿದರು. ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೂ ಎಮ್ಮೆ ಹುಚ್ಚೆದ್ದು ಒದೆಯಿತು. ಮಂಜಪ್ಪ ಗೊಬ್ಬರದ ಮೇಲೆ ಹೋಗಿ ಬಿದ್ದ. ಎದ್ದು ಮತ್ತೆ ಎಳೆದ. ಮೂಳೆ ಕರಕರ ಕೊಯ್ಯುವ ಸದ್ದು, ಕೊಳೆತ ವಾಸನೆ, ಮೈಯೆಲ್ಲ ರಕ್ತ. ಎಮ್ಮೆ ಕೊಂಬು ಬೀಸಿ ಸೀತಮ್ಮನನ್ನು ಕಂಬಕ್ಕೆ ಅಪ್ಪಳಿಸಿತು. "ಕಿಗ್ಗದ ಸ್ವಾಮೀ, ತಡ್ಕಳ ಹಾಗೆ ಮಾಡಪ್ಪಾ" ಎಂದು ಅವರು ಕೂಗಿದರು.

"ದೇವರನ್ನ ಆಮೇಲೆ ಕರೀರಿ, ಮೊದಲು ಹಗ್ಗ ಹಿಡೀರಿ!" ಎಂದು ಗದರಿದೆ.

"ಅವನನ್ನ ಕರ್ಯದ್ರಿಂದ್ಲೇ ಹಿಡ್ಕಂಡಿದೀನಿ ಡಾಕ್ಟ್ರೇ. ನೀವು ಕೊಯ್ರಿ!"

ಕೊಯ್ದೆವು. ಮೊದಲು ತಲೆ, ಆಮೇಲೆ ಮುಂಗಾಲು, ಕೊನೆಗೆ ಮುಂಡ ಹೊರಬಂತು. ಎಮ್ಮೆ ಧೊಪ್ಪನೆ ಕುಸಿಯಿತು. ಡ್ರಿಪ್ ಹಾಕಿ ಕಾದು ಕುಳಿತೆವು. ಸಂಜೆಯ ಹೊತ್ತಿಗೆ ಅದು ಕಾಲು ನಡುಗಿಸುತ್ತ ಎದ್ದು ನಿಂತು ನೀರು ಕುಡಿಯಿತು. ಅಬ್ಬಾ! ನನಗೆ ಕಣ್ಣು ತುಂಬಿ ಬಂತು.

ಸೀತಮ್ಮ ಅದರ ಮೈ ಸವರಿ ಒಂದಿಷ್ಟು ಹಾಲು ಕರೆದು ಒಳಗೆ ಹೋದರು. ನಾವು ಕರುವನ್ನು ಹೂತು ಬರುವಷ್ಟರಲ್ಲಿ ದೇವರ ಮುಂದೆ ದೀಪ ಉರಿಯುತ್ತಿತ್ತು. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು ನೈವೇದ್ಯವಾಗಿ ನಮ್ಮ ಎದುರಿಗೆ ಬಂತು. ನನಗೆ ರೇಗಿಹೋಯಿತು. "ಕರು ಮಣ್ಣಿಗೆ ಹೋಯ್ತು, ನಿಮಗೆ ಗಿಣ್ಣಿನ ಸಡಗರವಾ?"

ಸೀತಮ್ಮ ನಕ್ಕರು. "ತಡ್ಕಳಕ್ಕೆ ಮಾತ್ರ ಅವನು ಬೇಕು, ಖುಷಿಗೆ ಬೇಡ ಅಂದ್ರೆ ಹೆಂಗೆ ಮಾರಾಯ್ರೇ? ಎಮ್ಮೆ ಉಳೀತಲ್ಲ! ತಗಳಿ. ಎಡಗೈಲಿ ಬಡಿಸ್ತೀನಿ ಅಂತ ಬೇಜಾರ್ ಮಾಡ್ಕಬೇಡಿ."

ಆಗ ಅವರ ಬಲಗೈ ನೋಡಿದೆ. ಮುಂಗೈ ಊದಿ, ಸೊಟ್ಟಗೆ ಜೋತಾಡುತ್ತಿತ್ತು. ಕಂಬಕ್ಕೆ ಬಡಿದಾಗಲೇ ಮೂಳೆ ಮುರಿದಿತ್ತು. ಆಮೇಲೂ ಅವರು ಹಗ್ಗ ಬಿಟ್ಟಿರಲಿಲ್ಲ; ಹಾಲು ಕರೆದದ್ದೂ ಎಡಗೈಯಲ್ಲೇ.

ನೋವನ್ನು ಹೇಗೆ ನಿಭಾಯಿಸಬೇಕೆಂದು ನನ್ನ ಓದು ಕಲಿಸಿತ್ತು. ಉಳಿದ ಜೀವದ ಮುಂದೆ ಕೂತು ಸಂತೋಷಪಡುವುದನ್ನು ಆ ಕೊಟ್ಟಿಗೆಯಲ್ಲಿ ಕಲಿತೆ. ಸೀತಮ್ಮನನ್ನು ಜೀಪಿನಲ್ಲಿ ಕೊಪ್ಪದ ಆಸ್ಪತ್ರೆಗೆ ಕರೆದೊಯ್ಯಲು ಆತುರಪಟ್ಟೆ. ಅವರು ಜಪ್ಪಯ್ಯ ಎಂದರೂ ಏಳಲಿಲ್ಲ. ರಕ್ತದ ಅಂಗಿಯಲ್ಲೇ ಕೂತು ನಾನು ಗಿಣ್ಣು ತಿಂದು ಮುಗಿಸಿದ ಮೇಲೆಯೇ ಹೊರಟರು.