ಹದಿನೇಳನೇ ಪ್ರಶ್ನೆ ಕೇಳುವವಳು

ಬೀದಿದೀಪ ಇನ್ನೂ ಆರಿಲ್ಲ. ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಅವರು ಚಪ್ಪಲಿಯ ಸದ್ದಾಗದಂತೆ ನಡೆಯುತ್ತಿದ್ದಾರೆ. ಕಂಕುಳಲ್ಲಿ ರಟ್ಟಿನ ಹಲಗೆ, ಅದಕ್ಕೆ ಕ್ಲಿಪ್ಪು ಹಾಕಿದ ಹಾಳೆಗಳು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಮುಡಿಗೆ ಸಿಕ್ಕಿಸಿದ ಪೆನ್ನು ಒಂದು, ಅದು ಕೈಕೊಟ್ಟರೆ ಇರಲಿ ಎಂದು ಚೀಲದಲ್ಲಿ ಇನ್ನೊಂದು. ನೀಲಿ ಬಾಗಿಲೊಂದರ ಮುಂದೆ ನಿಂತು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಎರಡೇ ಸಲ. ಮೂರನೇ ಸಲ ತಟ್ಟಿದರೆ ಒಳಗಿನವರು ಪೊಲೀಸರು ಅಂದುಕೊಳ್ಳುತ್ತಾರಂತೆ.

"ಪ್ರಶ್ನೆಯಕ್ಕ ಬಂದ್ಲು, ಏಳಿ!" ಎಂದು ಒಳಗೆ ಹೆಂಗಸೊಬ್ಬಳು ಗಂಡನನ್ನು ಎಬ್ಬಿಸುತ್ತಾಳೆ. "ಹಲ್ಲುಜ್ಜೋದು ಆಮೇಲೆ. ಅವಳ ಹಾಳೇಲಿ ಹಲ್ಲಿನ ವಿಚಾರ ಇಲ್ಲ."

ಗಾರೆ ಕೆಲಸದ ಗಂಡ ಕಣ್ಣುಜ್ಜುತ್ತ ಹೊಸ್ತಿಲ ಮೇಲೆ ಕೂರುತ್ತಾನೆ. ಏಳು ಗಂಟೆ ದಾಟಿದರೆ ಈ ಓಣಿಯಲ್ಲಿ ದುಡಿಯುವವರು ಯಾರೂ ಕೈಗೆ ಸಿಗುವುದಿಲ್ಲ. ನಲವತ್ತಾರು ಪ್ರಶ್ನೆ, ಇಪ್ಪತ್ತೆರಡು ನಿಮಿಷ. ಹೋದ ವಾರ ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ದಿನ ಕಾದು ಬರಿಗೈಯಲ್ಲಿ ಬಂದಿರಿ, ಹಿಂದಿನ ಕೆಲಸ ಯಾಕೆ ಬಿಟ್ಟಿರಿ. ನಡುವೆ ಹದಿನೇಳನೆಯದು: ಕಳೆದ ಆರು ತಿಂಗಳಲ್ಲಿ, ವಾಪಸು ಬಯಸದೆ, ಯಾರಿಗಾದರೂ ಏನಾದರೂ ಕೊಟ್ಟಿದ್ದೀರಾ?

"ನನ್ನ ಹೆಂಡ್ತಿಗೆ ನನ್ನ ಆಯುಷ್ಯ ಕೊಟ್ಟಿದೀನಿ, ಬರ್ಕೊಳ್ಳಿ" ಎನ್ನುತ್ತಾನೆ ಗಂಡ. ಒಳಗಿನಿಂದ ಪಾತ್ರೆಯೊಂದು ಜೋರಾಗಿ ಸದ್ದು ಮಾಡುತ್ತದೆ. ಪ್ರಶ್ನೆಯಕ್ಕ ನಗುವುದಿಲ್ಲ, ಬರೆಯುವುದೂ ಇಲ್ಲ. ಪೆನ್ನು ಎತ್ತಿ ಹಿಡಿದು ಕಾಯುತ್ತಾರೆ.

ಅವರಿಗೆ ಐವತ್ತೊಂದು ವರ್ಷ. ಹೆಸರು ಹಾಕಬೇಡಿ ಎಂದು ಮೊದಲೇ ಹೇಳಿದ್ದಾರೆ. ಅವರು ಹೋಗುವ ಮನೆಗಳಿಗೂ ಹಾಳೆಯಲ್ಲಿ ಹೆಸರಿಲ್ಲ, ನಂಬರು ಮಾತ್ರ. ಬಟ್ಟೆ ಅಂಗಡಿಯೊಂದರಲ್ಲಿ ಹತ್ತೊಂಬತ್ತು ವರ್ಷ ಅಳತೆಪಟ್ಟಿ ಹಿಡಿದು ನಿಂತವರು, ಅಂಗಡಿ ಮುಚ್ಚಿದಾಗ ಮಂಡಿನೋವೊಂದನ್ನು ಮಾತ್ರ ಮನೆಗೆ ತಂದರು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಈಗ ತಂಗಿಯ ಜೊತೆ ಒಂದೂವರೆ ಕೋಣೆಯ ಮನೆಯಲ್ಲಿದ್ದಾರೆ. "ಊಟಕ್ಕೆ ಕೂತ್ರೂ ಇವಳದ್ದು ಅದೇ" ಎಂದು ತಂಗಿ ಛೇಡಿಸುತ್ತಾರೆ. "ಉಪ್ಪು ಕಡಿಮೆಯೋ, ತುಂಬಾ ಕಡಿಮೆಯೋ, ಹೇಳಲು ಇಷ್ಟವಿಲ್ಲವೋ?"

ಪ್ರಶ್ನೆಗಳು ಅವರವಲ್ಲ, ಒಬ್ಬ ಅರ್ಥಶಾಸ್ತ್ರಜ್ಞರವು. ಮೂರು ವರ್ಷದ ಹಿಂದೆ ದಾನಿಗಳ ಟ್ರಸ್ಟೊಂದು ಈ ಭಾಗದ ಮನೆಗಳಿಗೆ ಪ್ರತಿ ತಿಂಗಳು ಒಂದಿಷ್ಟು ಹಣ ಕೊಡಲು ಮುಂದೆ ಬಂತು. ಎಲ್ಲರಿಗೂ ಆಗುವಷ್ಟು ಇರಲಿಲ್ಲ. ಇನ್ನೂರ ನಲವತ್ತು ಮನೆಗಳ ನಡುವೆ ಚೀಟಿ ಎತ್ತಿದರು. ಅರ್ಧ ಮನೆಗಳಿಗೆ ಬಂತು, ಇನ್ನರ್ಧಕ್ಕೆ ಇಲ್ಲ. ದಾನ ಬಂದರೆ ಜನ ದುಡಿಯುವುದನ್ನು ಬಿಡುತ್ತಾರೆಯೇ, ಪಡೆದವರು ತಾವೂ ಇನ್ನೊಬ್ಬರಿಗೆ ಕೊಡುತ್ತಾರೆಯೇ ಎಂಬುದು ಸಂಶೋಧನೆ. ಅದಕ್ಕಾಗಿ ಆರು ತಿಂಗಳಿಗೊಮ್ಮೆ ಎರಡೂ ಬಗೆಯ ಮನೆಗಳಿಗೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳಬೇಕು. ದಿನಕ್ಕೆ ಐದಾರು ಮನೆ. ಇದು ಆರನೇ ಸುತ್ತು, ಕೊನೆಯದು.

"ದುಡ್ಡು ಬಂದವರು ಬಾಗಿಲು ತೆಗೆಯೋದು ದೊಡ್ಡದಲ್ಲ" ಎನ್ನುತ್ತಾರೆ ಪ್ರಶ್ನೆಯಕ್ಕ. "ಬರದವರೂ ತೆಗೀತಾರೆ ನೋಡಿ. ನಮಗ್ಯಾಕೆ ಬರ್ಲಿಲ್ಲ ಅಂತಾರೆ. ಚೀಟಿ ಅಂತೀನಿ. ಸರಿ, ಕೇಳು ಅಂತ ಕೂತ್ಕೋತಾರೆ. ಮೂರು ವರ್ಷದಿಂದ ಬರೀ ಉತ್ತರ ಕೊಡ್ತಾ ಇದಾರೆ."

ಹಾಳೆಯಲ್ಲಿ ಮೌನಕ್ಕೂ ಎರಡು ಚೌಕಗಳಿವೆ. ಒಂದು 'ಗೊತ್ತಿಲ್ಲ', ಇನ್ನೊಂದು 'ಹೇಳಲು ಇಷ್ಟವಿಲ್ಲ'. ಯಾವುದಕ್ಕೆ ಗುರುತು ಹಾಕಬೇಕೆಂದು ತರಬೇತಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ಇವರು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾರೆ. ಅಷ್ಟರೊಳಗೆ ಎದುರಿನವರು ಚಾವಣಿ ನೋಡಿದರೆ ಗೊತ್ತಿಲ್ಲ. ನೆಲ ನೋಡಿದರೆ ಇಷ್ಟವಿಲ್ಲ. ಮೂರು ವರ್ಷದಲ್ಲಿ ಇದು ತಪ್ಪಿದ್ದು ಕಡಿಮೆ ಎನ್ನುತ್ತಾರೆ.

ತರಬೇತಿಯಲ್ಲಿ ಹೇಳಿಕೊಟ್ಟ ನಿಯಮ ಬೇರೆ. ಕೇಳುವವರು ಏನನ್ನೂ ಕೊಡಬಾರದು. ಹಣ, ಹಳೇ ಬಟ್ಟೆ, ಒಂದು ಲೋಟ ಚಹಾ, ಕಡೆಗೆ ಸಲಹೆ ಕೂಡ. ಕೊಟ್ಟರೆ ಉತ್ತರ ಬದಲಾಗುತ್ತದೆ. ಕೊಡುವುದರ ಬಗ್ಗೆ ಊರೆಲ್ಲ ವಿಚಾರಿಸುತ್ತ ತಿರುಗುವವಳ ಕೈಗೆ ಕೊಡುವ ಸ್ವಾತಂತ್ರ್ಯವಿಲ್ಲ.

ಒಂದು ವರ್ಷದ ಹಿಂದೆ ಅವರು ಆ ನಿಯಮ ಮುರಿದರು. ಇನ್ನೂರಹನ್ನೊಂದು ನಂಬರಿನ ಮನೆ, ಚೀಟಿ ಏಳದ ಮನೆ. ಕೆಲಸ ಹುಡುಕಲು ಹೋದ ಗಂಡನ ಸುಳಿವಿಲ್ಲ. ಮೂರು ಮಕ್ಕಳ ತಾಯಿಗೆ ಹನ್ನೊಂದು ದಿನದಿಂದ ಕೂಲಿಯಿಲ್ಲ. ನಲವತ್ತಾರನೇ ಪ್ರಶ್ನೆಯೂ ಮುಗಿದು ಎದ್ದು ನಿಂತಾಗ ಇವರ ಬಾಯಿ ತಡೆಯಲಿಲ್ಲ. ತಂಗಿ ದುಡಿಯುವ ಆಸ್ಪತ್ರೆಯ ಬಟ್ಟೆ ಒಗೆಯುವ ಘಟಕದಲ್ಲಿ ಒಂದು ಕೈ ಬೇಕಂತೆ, ಹೋಗಿ ಕೇಳು ಎಂದುಬಿಟ್ಟರು. ಅವಳು ಹೋದಳು. ಕೆಲಸ ಸಿಕ್ಕಿತು.

ಅದೇ ಸಂಜೆ ಇವರೇ ಅರ್ಥಶಾಸ್ತ್ರಜ್ಞರಿಗೆ ಫೋನ್ ಮಾಡಿ ಒಪ್ಪಿಕೊಂಡರು. "ಎಲ್ಲ ಕೇಳಿಸ್ಕೊಂಡ್ರು. ಆಮೇಲೆ, ನೀವು ಮಾಡಿದ್ದು ಕೆಟ್ಟದ್ದಲ್ಲಮ್ಮ, ಆದ್ರೆ ಆ ಮನೆ ಇನ್ನು ನನಗೆ ಉಪಯೋಗಕ್ಕಿಲ್ಲ ಅಂದ್ರು." ಇನ್ನೂರಹನ್ನೊಂದನ್ನು ಪಟ್ಟಿಯಿಂದ ಹೊಡೆದುಹಾಕಿದರು. ಇವರಿಗೆ ಒಂದು ಎಚ್ಚರಿಕೆ ಪತ್ರ ಬಂತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಸುತ್ತಿನಲ್ಲಿ ತೊಂಬತ್ತನಾಲ್ಕನೇ ಮನೆಗೆ ಹೋದರು. ಅದೂ ಚೀಟಿ ಏಳದ ಮನೆ. ಅರವತ್ತು ದಾಟಿದ ಯಜಮಾನ, ಗುಂಡಿ ಹೊಲಿಯುವ ಹೆಂಡತಿ. ಎಂಟನೇ ಪ್ರಶ್ನೆ, ಹಿಂದಿನ ಕೆಲಸ ಯಾವುದು? "ಆಸ್ಪತ್ರೆ ಬಟ್ಟೆ ಒಗೆಯೋ ಕಡೆ. ನೀವು ಹೋದ್ಸಲ ಬಂದು ಹೋದ ಮೇಲೆ ಸೇರಿದ್ದು, ಎರಡೇ ವಾರ." ಒಂಬತ್ತನೇ ಪ್ರಶ್ನೆ, ಯಾಕೆ ಬಿಟ್ಟಿರಿ? "ನಾನೆಲ್ಲಿ ಬಿಟ್ಟೆ? ನನ್ನ ಕೈ ನಿಧಾನ ಅಂತ ಅವರು ಆಗ್ಲೇ ಬೇರೆ ಕೈ ಹುಡುಕ್ತಿದ್ರಂತೆ. ಯಾರೋ ಒಬ್ಬಳು ಬಂದ್ಲು, ಮೂರು ಮಕ್ಕಳ ತಾಯಿಯಂತೆ. ಮಾರನೇ ದಿನ ನಾನು ಮನೇಲಿ."

ತಂಗಿಗೂ ಗೊತ್ತಿರಲಿಲ್ಲ, ಅವರದು ಬೇರೆ ಪಾಳಿ. ಒಂದು ಕೈ ಬೇಕು ಅಂದರೆ ಇನ್ನೊಂದು ಕೈ ಹೊರಗೆ ಎಂದು ಅಕ್ಕತಂಗಿಯರಿಬ್ಬರಿಗೂ ಹೊಳೆದಿರಲಿಲ್ಲ. ಕೆಲಸ ಸಿಕ್ಕಿದ ಮನೆಗೂ ಕಳೆದುಕೊಂಡ ಮನೆಗೂ ಪರಿಚಯವಿಲ್ಲ. ಎರಡೂ ಹೊಸ್ತಿಲ ಮೇಲೆ ಕೂತು ಒಂದೇ ಪ್ರಶ್ನೆ ಕೇಳಿದವರು ಇವರೊಬ್ಬರೇ.

ಹಾಳೆಯ ಕೊನೆಯಲ್ಲಿ 'ಇತರ ವಿಷಯ' ಎಂಬ ನಾಲ್ಕು ಗೆರೆಗಳ ಜಾಗವಿದೆ. ಅದರಲ್ಲಿ ನಡೆದದ್ದನ್ನೆಲ್ಲ ಬರೆದರು. ಅರ್ಥಶಾಸ್ತ್ರಜ್ಞರಿಂದ ಉತ್ತರ ಬಂತು: ತೊಂಬತ್ತನಾಲ್ಕು ಪಟ್ಟಿಯಲ್ಲಿ ಇರಲಿ, ಕೆಲಸ ಹೋಗುವುದು ಮಾರುಕಟ್ಟೆಯಲ್ಲಿ ಇದ್ದದ್ದೇ. ಆ ಮನೆಯವರಿಗೆ ಮಾತ್ರ ಸಂಶೋಧನೆ ಮುಗಿಯುವವರೆಗೆ ಏನೂ ಹೇಳಬಾರದು.

"ನಾನು ಕೊಟ್ಟ ಮನೆ ಅವರ ಲೆಕ್ಕಕ್ಕೆ ಕೆಟ್ಟುಹೋಯ್ತು, ಕಿತ್ತುಕೊಂಡ ಮನೆ ಉಪಯೋಗಕ್ಕೆ ಬಂತು" ಎನ್ನುತ್ತಾರೆ ಪ್ರಶ್ನೆಯಕ್ಕ. ದನಿಯಲ್ಲಿ ಸಿಟ್ಟಿಲ್ಲ. "ಅವರದ್ದು ತಪ್ಪು ಅಂತ ಹೇಳ್ತಿಲ್ಲ. ಅವರ ಕೆಲಸ ಹಾಗೆ. ಆದ್ರೆ ಮತ್ತೆ ಹೋಗಿ ಆ ಬಾಗಿಲು ತಟ್ಟಬೇಕಾದವಳು ನಾನಲ್ವಾ?"

ಇಂದಿನ ಕೊನೆಯ ಮನೆ, ಇಡೀ ಸುತ್ತಿನ ಕೊನೆಯ ಮನೆಯೂ, ಅದೇ ತೊಂಬತ್ತನಾಲ್ಕು. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಾರೆ. ಓಣಿಯ ತಿರುವಿನಲ್ಲಿ ನಿಂತು ಹೊದಿಕೆಯನ್ನು ಎರಡು ಸಲ ಸರಿಪಡಿಸುತ್ತಾರೆ. "ನಲವತ್ತಾರು ಮುಗಿದ ಮೇಲೆ ಸಂಶೋಧನೆಯೂ ಮುಗೀತು. ಆಮೇಲೆ ಹೇಳ್ಬಹುದು."

"ಬಾಮ್ಮ ಪ್ರಶ್ನೆಯಕ್ಕ" ಎಂದು ಹೆಂಡತಿ ಚಾಪೆ ಹಾಸುತ್ತಾರೆ. "ಇವರು ಸುಳ್ಳು ಹೇಳಿದ್ರೆ ನನ್ನ ಕೇಳು, ನಾನು ಬೇರೆ ಸುಳ್ಳು ಹೇಳ್ತೀನಿ." ಯಜಮಾನ ಗೋಡೆಗೆ ಒರಗಿ ಕೂರುತ್ತಾರೆ. ಬಲಗೈ ಮಣಿಕಟ್ಟಿನ ಮೇಲೆ ಸುಟ್ಟು ಮಾಗಿದ ಒಂದು ಪಟ್ಟಿ. ಹೋದ ವಾರ ಎಷ್ಟು ದಿನ ಕೆಲಸ? ಇಲ್ಲ. ಅದರ ಹಿಂದಿನ ವಾರ? ಅರ್ಧ ದಿನ. ಹದಿನೇಳನೇ ಪ್ರಶ್ನೆಗೆ ಅವರು ನೆಲವನ್ನೂ ನೋಡುವುದಿಲ್ಲ, ಚಾವಣಿಯನ್ನೂ ನೋಡುವುದಿಲ್ಲ. "ಇಲ್ಲಮ್ಮ. ಕೊಡೋಕೆ ಏನಿದೆ?"

ನಲವತ್ತಾರು ಮುಗಿಯುತ್ತದೆ. ಪ್ರಶ್ನೆಯಕ್ಕ ಪೆನ್ನಿಗೆ ಮುಚ್ಚಳ ಹಾಕಿ, ಹಲಗೆಯನ್ನು ಬೋರಲು ಇಡುತ್ತಾರೆ. ಆಮೇಲೆ ಹೇಳುತ್ತಾರೆ. ಸುತ್ತುಬಳಸಿಲ್ಲ, ಐದೇ ವಾಕ್ಯ. ಆ ಹೆಂಗಸನ್ನು ಅಲ್ಲಿಗೆ ಕಳಿಸಿದ್ದು ನಾನು ಎಂಬುದು ಕೊನೆಯ ವಾಕ್ಯ.

ಗುಂಡಿ ಹೊಲಿಯುತ್ತಿದ್ದ ಸೂಜಿ ನಿಲ್ಲುತ್ತದೆ. ಹೆಂಡತಿ ಬಟ್ಟೆ ಮಡಚಿಕೊಂಡು ಎದ್ದು ಒಳಗೆ ಹೋಗುತ್ತಾರೆ. ಮತ್ತೆ ಹೊರಗೆ ಬರುವುದಿಲ್ಲ. ಒಳಗೆ ಪಾತ್ರೆಯ ಸದ್ದೂ ಇಲ್ಲ.

"ಬೇಕಂತ ಮಾಡ್ಲಿಲ್ಲ" ಎನ್ನುತ್ತಾರೆ ಪ್ರಶ್ನೆಯಕ್ಕ.

"ಗೊತ್ತು" ಎನ್ನುತ್ತಾರೆ ಯಜಮಾನ. ಮಣಿಕಟ್ಟಿನ ಪಟ್ಟಿಯನ್ನು ಸವರಿಕೊಂಡು, "ಅವಳಿನ್ನೂ ಅಲ್ಲೇ ಇದಾಳಾ?"

"ಇದಾಳೆ. ಮಕ್ಕಳು ಸ್ಕೂಲಿಗೆ ಹೋಗ್ತಿವೆ." ಹಲಗೆಯ ಮೇಲೆ ಅವರ ಕೈ ಹೋಗುತ್ತದೆ. "ಹದಿನೇಳಕ್ಕೆ ಬೇರೆ ಏನಾದ್ರೂ ಬರೀಲಾ?"

"ಬೇಡ." ದನಿ ಮೊದಲ ಸಲ ಗಡುಸಾಗುತ್ತದೆ. "ನಾನು ಕೊಡ್ಲಿಲ್ಲ. ನನ್ನಿಂದ ಹೋಯ್ತು. ಅದನ್ನ ದಾನ ಅಂತ ಬರೀಬೇಡ."

ಬರೆಯುವುದಿಲ್ಲ. ಬಾಗಿಲು ದಾಟಿ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಮತ್ತೆ ಯಜಮಾನರ ದನಿ. "ಆ ಒಣಗಿಸೋ ಯಂತ್ರ ಬಲಗಡೆ ಸುಡುತ್ತೆ. ಯಾರೂ ಹೇಳಲ್ಲ. ಅವಳಿಗೆ ತಿಳಿಸು." ಅಷ್ಟು ಹೇಳಿ ಬಾಗಿಲು ಮುಚ್ಚಿಕೊಳ್ಳುತ್ತಾರೆ.

ಬಿಸಿಲು ಓಣಿಗೆ ಇಳಿದಿದೆ. ಪ್ರಶ್ನೆಯಕ್ಕ ಪಂಪಿನ ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾರೆ. ಹದಿನೇಳರ ಮುಂದೆ 'ಇಲ್ಲ' ಹಾಗೇ ಇದೆ. "ಅವರು ಹೇಳಿದ್ದೇ ನನ್ನ ಹಾಳೇಲಿದೆ" ಎನ್ನುತ್ತಾರೆ. "ಮೂರು ವರ್ಷದಲ್ಲಿ ಯಾರ ಉತ್ತರಕ್ಕೂ ಒಂದಕ್ಷರ ನಾನು ಸೇರಿಸಿಲ್ಲ."

ನಾಳೆಯಿಂದ ಅವರಿಗೂ ಕೆಲಸವಿಲ್ಲ. ತಂಗಿಯ ಘಟಕದಲ್ಲಿ ಮತ್ತೆ ಕೈ ಬೇಕಂತೆ. ಹೋಗುತ್ತೀರಾ ಎಂದರೆ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಾರೆ. ಕಣ್ಣು ನೆಲದ ಮೇಲಿದೆ.

"ಎಲ್ಲಿ ಹೋದ್ರೂ, ಸೇರೋಕೆ ಮುಂಚೆ ಒಂದೇ ಪ್ರಶ್ನೆ ಕೇಳ್ಬೇಕು ಅಂತಿದೀನಿ. ಈ ಜಾಗದಲ್ಲಿ ನಿನ್ನೆವರೆಗೂ ಯಾರಿದ್ರು?"