ಕೊಳೆ ಬಿಡಿಸುವ ಶಾಸನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಳದ ಕೊನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಮಂಡಿಯೂರಿ ಕೂತು, ಒಗೆಯುವ ಕಲ್ಲಿನ ಸೋಪಿನ ಜಿಡ್ಡನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯುತ್ತಿದ್ದಾರೆ. ಕಲ್ಲು ತೊಳೆದಾದ ಮೇಲೆ ಅದರ ಮೈಮೇಲೆ ಒದ್ದೆ ಕಾಗದ ಹಾಸುತ್ತಾರೆ. ಗಟ್ಟಿ ಕೂದಲಿನ ಇನ್ನೊಂದು ಬ್ರಷ್ಷು ತೆಗೆದು ತಟತಟ ಬಡಿಯುತ್ತಾರೆ. ಕಾಗದ ಉಬ್ಬುತಗ್ಗುಗಳಿಗೆ ಕಚ್ಚಿಕೊಳ್ಳುತ್ತದೆ. ಅರೆಬರೆ ಒಣಗಿದಾಗ ಶಾಯಿ ಹಚ್ಚಿದ ಬಟ್ಟೆಯ ಉಂಡೆಯನ್ನು ಮೆತ್ತಗೆ ಒತ್ತುತ್ತ ಹೋದರೆ ಕಲ್ಲಿನ ಉಬ್ಬು ಅಕ್ಷರಗಳು ಕಾಗದದ ಮೇಲೆ ಕಪ್ಪಗೆ ಎದ್ದು ನಿಲ್ಲುತ್ತವೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಅಕ್ಷರಗಳು ಪರ್ಷಿಯನ್. ಈ ಊರಿನಲ್ಲಿ ಅದನ್ನು ಓದಬಲ್ಲವರು ಈಗ ಇವರೊಬ್ಬರೇ.

“ಪೇಪರಮ್ಮ, ಮುಗೀತಾ? ಲಾಡ್ಜಿನವರ ಹಾಸಿಗೆ ಬಟ್ಟೆ ನಿಮ್ಮ ಅಕ್ಷರಕ್ಕೆ ಕಾಯಲ್ಲ.”

ಮೇಲಿನ ಮೆಟ್ಟಿಲಿನಿಂದ ಬಂದ ಈ ದನಿ, ಇಲ್ಲಿ ಬಟ್ಟೆ ಒಗೆಯುವ ಹೆಂಗಸರ ಹಿರಿಯಳದು. ಅವಳನ್ನು ಎಲ್ಲರೂ ಯಜಮಾನಿ ಎಂದೇ ಕರೆಯುತ್ತಾರೆ. ತಲೆಯ ಮೇಲೆ ಒಂದು ಗಂಟು, ಕಂಕುಳಲ್ಲಿ ಇನ್ನೊಂದು. ಪೇಪರಮ್ಮ ಕಾಗದವನ್ನು ಮೂಲೆಯಿಂದ ಮೆಲ್ಲಗೆ ಎಬ್ಬಿಸಿ, ಬೆಳಕಿಗೆ ಹಿಡಿದು, ತುಟಿ ಕಚ್ಚುತ್ತಾರೆ. ಕಳೆದ ಸಲ ಇದ್ದ ಒಂದು ಗೀರು ಈ ಸಲ ಇಲ್ಲ. ನಡುವಿನ ಸಾಲಿನಲ್ಲಿ ಅಂಗೈಯಗಲ ಜಾಗ ಆಗಲೇ ನುಣ್ಣಗಾಗಿದೆ. ಉಳಿದದ್ದೂ ದಿನಾ ಬಟ್ಟೆಯ ಏಟು ತಿನ್ನುತ್ತಿದೆ.

ಇವರ ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದರು. ಕಟ್ಟಲು ಬಂದು ಯಾರೂ ವಾಪಸ್ ಒಯ್ಯದ ಒಂದು ಪರ್ಷಿಯನ್ ಬಾಲಪಾಠ ಅಂಗಡಿಯಲ್ಲಿ ಉಳಿಯಿತು, ಮಗಳ ಕೈಗೆ ಸಿಕ್ಕಿತು. ಅಲ್ಲಿಂದ ಶುರುವಾದದ್ದು ಕಾಲೇಜಿನಲ್ಲಿ ಪರ್ಷಿಯನ್ ಭಾಷೆ, ಚರಿತ್ರೆ ಕಲಿಸುವವರೆಗೆ ಬಂತು. ಆಮೇಲೆ ಯಾವನೋ ಪುಣ್ಯಾತ್ಮ ಹುಡುಗರು ಬರುತ್ತಿಲ್ಲ ಎಂದು ವಿಭಾಗಕ್ಕೆ ಬೀಗ ಜಡಿದ. ಅಲಮಾರುಗಳನ್ನು ಸೈಕಲ್ ಸ್ಟ್ಯಾಂಡಿನ ಪಕ್ಕಕ್ಕೆ ತಳ್ಳಿದರು, ಇವರನ್ನು ಗ್ರಂಥಾಲಯದ ಕಿಟಕಿಗೆ ತಳ್ಳಿದರು. ನಿವೃತ್ತಿಯವರೆಗೂ ಇವರು ಬೇರೆಯವರು ಓದುವ ಪುಸ್ತಕಕ್ಕೆ ಮೊಹರು ಒತ್ತಿದರು. ಇದಕ್ಕೆ ಯಾರಿಗೂ ನಾಚಿಕೆಯಾಗಲಿಲ್ಲ. ಊರಿನ ಗೋಡೆಗಳಲ್ಲಿ, ಗೋರಿಗಳ ಮೇಲೆ, ಹಾಳು ಬಾವಿಗಳ ಬಾಯಲ್ಲಿ ಇದ್ದ ಬರಹವನ್ನೆಲ್ಲ ಇವರು ತಮ್ಮ ಪಾಡಿಗೆ ಓದುತ್ತಲೇ ಹೋದರು.

ಮನೆಯಲ್ಲಿ ಇರುವುದು ಇವರು ಮತ್ತು ಇವರ ಅಕ್ಕ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕತ್ತಲಲ್ಲೇ ಚೀಲ ಹೆಗಲಿಗೇರಿಸುವ ತಂಗಿಯನ್ನು ನೋಡಿ, ಗಂಡ ಅಂತ ಒಬ್ಬ ಇದ್ದಿದ್ದರೂ ಇಷ್ಟು ಬೇಗ ಎಬ್ಬಿಸುತ್ತಿರಲಿಲ್ಲ ಎಂದು ಅಣಕಿಸುತ್ತಾರೆ. ಫ್ಲಾಸ್ಕಿಗೆ ಚಹಾ ತುಂಬಿಸಿ ಕೊಡುವವರೂ ಅವರೇ.

ಕಲ್ಲನ್ನು ಎತ್ತಿಸಿಬಿಡಬಹುದಿತ್ತಲ್ಲ ಎಂದು ಕೇಳುವವರಿಗೇನೂ ಬರವಿಲ್ಲ. ಪುರಾತತ್ವ ಇಲಾಖೆಯವರು ಒಮ್ಮೆ ಬಂದಿದ್ದರು. ಫೋಟೊ ಹೊಡೆದುಕೊಂಡರು, ಮುಟ್ಟಬಾರದು ಎಂದು ಬೋರ್ಡು ನೆಟ್ಟರು, ಹೋದರು. ಆ ಬೋರ್ಡಿನ ಮೇಲೆ ಈಗ ಟವೆಲ್ಲು ಒಣಗುತ್ತದೆ. ಪೇಪರಮ್ಮನಿಗೆ ಪೊಲೀಸರನ್ನು ಕರೆಸಿ ಒಗೆಯುವವರ ಕೈಯಿಂದ ಕಲ್ಲು ಕಿತ್ತುಕೊಳ್ಳುವುದು ಬೇಕಿರಲಿಲ್ಲ. ಬದಲಿಗೆ ಒಂದು ಒಳ್ಳೆಯ ಚಪ್ಪಡಿ ತಂದುಕೊಟ್ಟರು. ಯಜಮಾನಿ ಒಂದು ದಿನ ಒಗೆದು ನೋಡಿ ಅದನ್ನು ಪಕ್ಕಕ್ಕೆ ಉರುಳಿಸಿದಳು. ನುಣುಪು ಕಲ್ಲಲ್ಲಿ ಕೊಳೆ ಹೋಗುವುದಿಲ್ಲ, ಈ ಬರಹದ ಮೇಲೆ ಉಜ್ಜಿದರೆ ಮಾತ್ರ ಕಾಲರು ಬೆಳ್ಳಗಾಗುತ್ತದೆ ಎಂಬುದು ಅವಳ ವಾದ. ಅದು ಸುಳ್ಳೂ ಅಲ್ಲ.

ಆಗ ಪೇಪರಮ್ಮನಿಗೆ ಹೊಳೆದದ್ದು ಇದು: ಅವಳಿಗೆ ಬೇಕಾದದ್ದು ಬರಹವಾದರೆ, ಬರಹವನ್ನೇ ಕೊಡೋಣ. ಪಡಿಯಚ್ಚನ್ನು ಸಮಾಧಿ ಕಲ್ಲು ಕೆತ್ತುವವನ ಮುಂದೆ ಹಾಸಿದರು. ಓದಲು ಬಾರದ ಭಾಷೆಯ ಒಂದೊಂದು ತಿರುವನ್ನೂ ಅವನು ಹೊಸ ಕಲ್ಲಿನಲ್ಲಿ ಹಾಗೆಯೇ ಕೆತ್ತಿದ. ಆದರೆ ಸವೆದುಹೋದ ಅಂಗೈಯಗಲ ಜಾಗ ಖಾಲಿಯಾಗಿಯೇ ಉಳಿಯಿತು. ಕಲ್ಲು ಕೈಗಾಡಿಯಲ್ಲಿ ಕೊಳಕ್ಕೆ ಬಂದಾಗ ಯಜಮಾನಿ ಅಲ್ಲೇ ಕೈಯಿಟ್ಟಳು.

“ಇಲ್ಲಿ ಜಾರತ್ತೆ. ಇಲ್ಲಿ ಏನಿತ್ತು?”

“ಈ ಮೆಟ್ಟಿಲು ಕಟ್ಟಿಸಿದವರ ಹೆಸರು. ಏನು ಅಂತ ಗೊತ್ತಿಲ್ಲ.”

“ಯಾವುದಾದ್ರೂ ರಾಜನ ಹೆಸರು ಹಾಕ್ಸಿ. ಯಾರು ಬಂದು ಕೇಳ್ತಾರೆ?”

“ಗೊತ್ತಿಲ್ಲದ್ದನ್ನ ನಾನು ಬರೆಸಲ್ಲ ಕಣಮ್ಮ.”

“ಹಾಗಾದ್ರೆ ನಂಗೆ ಹಳೇದೇ ಇರ್ಲಿ.”

ಗಾಡಿ ಹಾಗೇ ವಾಪಸಾಯಿತು. ಕೆತ್ತುವವನೂ ಯಜಮಾನಿಯ ಪರ. ನಾಲ್ಕು ಅಕ್ಷರ ತಾನೇ, ಚೆಂದದ ಹೆಸರೊಂದು ಹೇಳಿ, ಸಂಜೆಯೊಳಗೆ ಕೆತ್ತಿ ಕೊಡ್ತೀನಿ ಎಂದು ಗೋಗರೆದ. ಇವರು ಜಗ್ಗಲಿಲ್ಲ. ಹಳೆಯ ಕಲ್ಲು ದಿನದಿನ ಸವೆಯುತ್ತಿದೆ, ಒಂದು ಸುಳ್ಳು ಹೆಸರು ಹಾಕಿಸಿದರೆ ಉಳಿದದ್ದೆಲ್ಲ ಉಳಿಯುತ್ತದೆ, ಆದರೂ ಜಗ್ಗಲಿಲ್ಲ. ಕುರ್ಚಿಯಲ್ಲಿ ಕೂತು ಇತಿಹಾಸ ಹೆಣೆಯುವ ಮಹಾನುಭಾವರು ಒಮ್ಮೆ ಈ ಮೆಟ್ಟಿಲಿಗೆ ಬಂದು ಕೂರಬೇಕು.

ದಾರಿ ಸಿಕ್ಕಿದ್ದು ಇವರದೇ ಕಸುಬಿನಲ್ಲಿ. ಶಾಸನವನ್ನು ಅಚ್ಚು ಹಾಕಿಸುವಾಗ ಅಳಿದ ಅಕ್ಷರಗಳ ಜಾಗದಲ್ಲಿ ಚುಕ್ಕಿ ಇಡುವುದು ಓದುವವರೆಲ್ಲ ಬಲ್ಲ ರೂಢಿ. ಕಲ್ಲಿನಲ್ಲೂ ಚುಕ್ಕಿ ಇಟ್ಟರಾಯಿತು! ಖಾಲಿ ಜಾಗವನ್ನು ಸುತ್ತ ತಗ್ಗಿಸಿ, ಕಡಲೆಕಾಳಿನಷ್ಟು ದಪ್ಪದ ಉಬ್ಬು ಚುಕ್ಕಿಗಳನ್ನು ಸಾಲಾಗಿ ಎಬ್ಬಿಸಿದ ಆ ಕಲ್ಲು ಇವತ್ತು ಕೈಗಾಡಿಯಲ್ಲಿ ಮತ್ತೆ ಬಂದಿದೆ.

ಯಜಮಾನಿ ಗಂಟಿನಿಂದ ಎಣ್ಣೆ ಮೆತ್ತಿದ ದಿಂಬಿನ ಗವಸೊಂದನ್ನು ಹುಡುಕಿ ತೆಗೆಯುತ್ತಾಳೆ. ಸೋಪು ಹಚ್ಚಿ ಮೊದಲು ಅಕ್ಷರದ ಮೇಲೆ, ಆಮೇಲೆ ಚುಕ್ಕಿಯ ಮೇಲೆ ಉಜ್ಜುತ್ತಾಳೆ. ನೀರಿನಲ್ಲಿ ಜಾಲಾಡಿಸಿ, ಬಿಸಿಲಿಗೆ ಹಿಡಿದು ನೋಡುತ್ತಾಳೆ. ಪೇಪರಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತಿದ್ದಾರೆ, ಚಹಾ ಬಗ್ಗಿಸುವುದು ಮರೆತಿದೆ.

“ನಿಮಗೆ ಗೊತ್ತಿಲ್ದೇ ಇರೋ ಜಾಗದಲ್ಲೇ ಕೊಳೆ ಚೆನ್ನಾಗಿ ಬಿಡತ್ತೆ,” ಎನ್ನುತ್ತಾಳೆ ಯಜಮಾನಿ. ಹಳೆಯ ಕಲ್ಲಿನ ಒಂದು ಬದಿಗೆ ತಾನೇ ಕೈ ಹಾಕುತ್ತಾಳೆ.

ನಾಲ್ವರು ಹೆಂಗಸರು ಸೇರಿ ಅದನ್ನು ಮೆಟ್ಟಿಲ ಮೇಲ್ಗಡೆ ಇರುವ ಮಂಟಪದ ಚಾವಣಿಯ ಕೆಳಗೆ ಒರಗಿಸುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಒಬ್ಬಳು ಕೇಳುತ್ತಾಳೆ. ನೀರಿಗೆಂದು ಇಲ್ಲಿಗೆ ಬಂದವರನ್ನು ನೀವು ಯಾರು ಎಂದು ಕೇಳಬಾರದು ಅಂತ ಬರೆದಿದೆ, ಎಂದು ಪೇಪರಮ್ಮ ಓದಿ ಹೇಳುತ್ತಾರೆ. ಕಟ್ಟಿಸಿದ್ದು ಹೆಂಗಸೇ ಇರಬೇಕು ಎಂದು ಅವರವರಲ್ಲೇ ತೀರ್ಮಾನವಾಗುತ್ತದೆ. ಇವರು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದೂ ಇಲ್ಲ.

ನಿಮ್ಮ ಆಸೆ ಏನು ಎಂದು ಪೇಪರಮ್ಮನನ್ನು ಕೇಳಿದರೆ, ಕೆಳಗೆ ಹೊಸ ಕಲ್ಲಿನ ಮೇಲೆ ಬೀಳುತ್ತಿರುವ ಬಟ್ಟೆಯ ಸದ್ದಿನ ಕಡೆಗೇ ಕಿವಿಯಿಟ್ಟು ಹೇಳುತ್ತಾರೆ:

“ಮುಂದೆ ಯಾವತ್ತಾದ್ರೂ ಯಾರಾದ್ರೂ ಬಂದು ಓದ್ತಾರೆ. ಅಕ್ಷರ ಓದ್ಲಿ. ಚುಕ್ಕಿ ಹತ್ರ ಬಂದಾಗ, ಇಲ್ಲಿ ಒಬ್ಬಳಿಗೆ ಗೊತ್ತಿರ್ಲಿಲ್ಲ, ಅದಕ್ಕೇ ಬರೀಲಿಲ್ಲ ಅಂತಲೂ ಓದ್ಕೊಳ್ಲಿ. ಅಷ್ಟು ಸಾಕು.”